ತಂತಿ ತಣಿಯುವ ತನಕ

“ಬುದ್ಧಿ, ‘ಬೈದು ಹೇಳುವವರು ಬದುಕಲಿಕ್ಕೆ ಹೇಳುತ್ತಾರೆ’ ಎಂಬ ಗಾದೆಯಿದೆ. ನಾನು ನನ್ನ ತಮ್ಮನಿಗೆ ಬೈದದ್ದೂ ಅವನು ಬದುಕಲಿ ಎಂದೇ. ಆದರೆ ಅಂದಿನಿಂದ ಅವನು ನನ್ನ ಮುಖ ನೋಡುತ್ತಿಲ್ಲ. ಗಾದೆ ಸುಳ್ಳೇ?” ಎಂದು ಶಿಷ್ಯ ರುದ್ರಮುನಿ ಕೇಳಿದ.

“ಗಾದೆಯನ್ನು ಯಾಕಪ್ಪಾ ಕಟಕಟೆಗೆ ಹತ್ತಿಸುತ್ತೀ? ಅದರ ಪಾಡಿಗೆ ಅದಿರಲಿ. ಒಂದು ಕತೆ ಕೇಳು” ಎಂದು ಗುರುಗಳು ಶುರುಮಾಡಿದರು.

ಒಂದು ಊರಿನಲ್ಲಿ ಒಬ್ಬ ಹೆಂಗಸು. ಖಾರದ ಅವಲಕ್ಕಿ ಮಾಡಿ, ಪೊಟ್ಟಣಕ್ಕೆ ತುಂಬಿ, ಅಂಗಡಿಗಳಿಗೆ ಕೊಡುತ್ತಿದ್ದಳು. ಪೊಟ್ಟಣದ ಬಾಯಿ ಮುಚ್ಚಲು ಅವಳ ಹತ್ತಿರ ಒಂದು ಪುಟ್ಟ ಯಂತ್ರವಿತ್ತು. ಅದರಲ್ಲೊಂದು ತೆಳ್ಳನೆಯ ತಂತಿ. ಪೊಟ್ಟಣದ ಬಾಯನ್ನು ಆ ತಂತಿಯ ಮೇಲಿಟ್ಟು ಮೇಲಿನ ಹಿಡಿಯನ್ನು ಒತ್ತಿದರೆ ಚೂರೇ ಚೂರು ಕರೆಂಟು ಹರಿದು ತಂತಿ ಕಾಯುವುದು, ಕೆಂಪು ದೀಪ ಹತ್ತುವುದು, ಪ್ಲಾಸ್ಟಿಕ್ಕಿನ ಎರಡು ಅಂಚುಗಳು ಕರಗುವವು. ಚಿಟಿಕೆ ಹೊಡೆಯುವಷ್ಟರಲ್ಲಿ ದೀಪ ತಾನಾಗಿ ಆರುವುದು.

ಅವಳ ನಾದಿನಿ ಗಂಡನನ್ನು ಕಳೆದುಕೊಂಡು ಅಣ್ಣನ ಮನೆಗೆ ಬಂದಳು. ಬಂದವಳಿಗೆ ಒಂದೇ ಅಂಜಿಕೆ. ಅಪ್ಪ ಅಮ್ಮ ಹೋದ ಮೇಲೆ ತವರೆಂದರೆ ಅತ್ತಿಗೆ. ಅತ್ತಿಗೆಯ ಮನಸ್ಸು ಮುರಿದರೆ ತಾನು ಹೋಗುವುದಾದರೂ ಎಲ್ಲಿಗೆ? ಅತ್ತಿಗೆ ಒಳ್ಳೆಯವಳೇ, ಬಾಯಿ ಮಾತ್ರ ಜೋರು. ಕೂತು ಉಣ್ಣುವವಳು ಎನ್ನಿಸಿಕೊಳ್ಳಬಾರದೆಂದು ನಾದಿನಿ ಯಂತ್ರದ ಮುಂದೆ ಕುಳಿತಳು. ಕೆಲಸವನ್ನು ಅತ್ತಿಗೆ ಒಮ್ಮೆ ತೋರಿಸಿದ್ದಳು. ಅಂಜಿದ ಕಿವಿಗೆ ಅರ್ಧವೇ ಕೇಳಿಸಿತ್ತು. ದೀಪ ಹತ್ತಿತು, ಆರಿತು, ಕೈ ತೆಗೆದಳು; ಮತ್ತೊಂದು ಇಟ್ಟಳು. ಅಯ್ಯೋ, ಏನು ಅವಸರ! ಹೆದರಿದವಳ ಕೈ ಎಂದಾದರೂ ನಿಧಾನವಾಗಿ ನಡೆದೀತೇ?

ಅಂಗಡಿಯವನು ಅಷ್ಟನ್ನೂ ವಾಪಸು ತಂದು ಜಗಲಿಯ ಮೇಲೆ ಸುರಿದ. ಪೊಟ್ಟಣಗಳು ಬಾಯಿ ಬಿಟ್ಟಿದ್ದವು, ಅವಲಕ್ಕಿ ಮೆತ್ತಗಾಗಿತ್ತು. ಅತ್ತಿಗೆಗೆ ಸಿಟ್ಟು ನೆತ್ತಿಗೇರಿತು. ಕಣ್ಣು ಎಲ್ಲಿಟ್ಟುಕೊಂಡು ಕೆಲಸ ಮಾಡಿದೆ, ಇನ್ನು ಯಾವ ಅಂಗಡಿಯವನು ನಮ್ಮನ್ನು ನಂಬುತ್ತಾನೆ ಎಂದು ಬೀದಿಗೆಲ್ಲ ಕೇಳುವಂತೆ ಬೈದಳು. ನಾದಿನಿ, ಈ ಮನೆಯ ಅನ್ನದ ಋಣ ತೀರಿತು ಎಂದುಕೊಂಡು ಒಳಗೆ ಹೋಗಿ ತನ್ನ ಸೀರೆಗಳನ್ನು ಚೀಲಕ್ಕೆ ತುಂಬತೊಡಗಿದಳು.

ಅತ್ತಿಗೆ ಬಾಗಿಲಲ್ಲಿ ನಿಂತು ನೋಡಿದಳು. ಕರುಳು ಚುರ್ ಎಂದಿತು. ಆದರೂ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ನಾದಿನಿಯ ಕೈ ಹಿಡಿದು ಕರೆತಂದು, ಯಂತ್ರದ ಮುಂದೆ ಕೂರಿಸಿ, ತಾನೂ ಪಕ್ಕದಲ್ಲಿ ಕುಳಿತಳು. ಒಂದು ಪೊಟ್ಟಣ ಇಟ್ಟು, ನಾದಿನಿಯ ಕೈಯ ಮೇಲೆ ತನ್ನ ಕೈಯಿಟ್ಟು ಒತ್ತಿದಳು. ದೀಪ ಹತ್ತಿತು, ಆರಿತು. ನಾದಿನಿ ಕೈ ಎತ್ತಹೋದಳು. ಅತ್ತಿಗೆ ಬಿಡಲಿಲ್ಲ.

“ದೀಪ ಆರಿತಲ್ಲ, ಅತ್ತಿಗೆ?”

“ಆರಲಿ ಬಿಡೇ. ಕಾದದ್ದು ಇನ್ನೂ ತಣಿದಿಲ್ಲ. ಈಗ ಕೈ ಎತ್ತಿದರೆ ಬಾಯಿ ಬಿಡುತ್ತೆ. ತಣಿಯೋ ತನಕ ಒತ್ತಿ ಹಿಡಿದರೇನೇ ಅದು ಕೂಡೋದು.”

ಪೊಟ್ಟಣದ ಬಾಯಿ ಗಟ್ಟಿಯಾಗಿ ಕೂಡಿಕೊಂಡಿತು. ಅತ್ತಿಗೆಯ ಕೈ ಮಾತ್ರ ಇದ್ದಲ್ಲೇ ಇತ್ತು. ನಾದಿನಿಯ ಕಣ್ಣೀರು ಅದರ ಮೇಲೆ ಬಿದ್ದರೂ ಅವಳು ಎತ್ತಲಿಲ್ಲ. ಅಳು ನಿಂತ ಮೇಲೆ, ಏಳು, ಊಟ ಮಾಡೋಣ ಎಂದಳು. ಚೀಲದೊಳಗಿನ ಸೀರೆಗಳು ಮತ್ತೆ ಗೂಡು ಸೇರಿದವು.

ಗುರುಗಳು ಕತೆ ಮುಗಿಸಿದರು. ರುದ್ರಮುನಿಯ ಮುಖ ಅರಳಿತು. “ಹಾಗಾದರೆ ಅತ್ತಿಗೆ ಬೈದದ್ದು ತಪ್ಪಲ್ಲ. ನಾನು ಬೈದದ್ದೂ ತಪ್ಪಲ್ಲ, ಅಲ್ಲವೇ ಬುದ್ಧಿ?”

ಗುರುಗಳು ಮೆಲ್ಲಗೆ ಕೇಳಿದರು: “ಬೈದ ಮೇಲೆ ತಮ್ಮನ ಪಕ್ಕದಲ್ಲಿ ಎಷ್ಟು ಹೊತ್ತು ಕೂತಿದ್ದೆ, ಮಗು?”