ಬಿದಿರು ಸೀಳುವ ಅವಳಿಗಳು

ಶಿಷ್ಯೆ ಹೈಮವತಿ ಕೇಳಿದಳು: “ಗುರುಗಳೇ, ಆರ್ಜಿನೇಸ್ ಎಂಬ ಕಿಣ್ವ ಯಕೃತ್ತಿನಲ್ಲಿ ಆರ್ಜಿನಿನ್ ಅನ್ನು ಸೀಳಿ ಯೂರಿಯಾ ಮಾಡುತ್ತದೆ. ಅಮೋನಿಯದ ವಿಷ ಹೊರಹೋಗುವುದು ಹಾಗೆ. ರಕ್ತನಾಳದಲ್ಲಿರುವ ಅದರದೇ ಇನ್ನೊಂದು ರೂಪ ಅತಿಯಾಗಿ ಸೀಳಿದರೆ, ನಾಳವನ್ನು ಸಡಿಲಿಸುವ ಅನಿಲ ತಯಾರಾಗಲು ಆರ್ಜಿನಿನ್ ಸಾಲದೆ ನಾಳ ಬಿಗಿಯುತ್ತದೆ. ಅದನ್ನು ತಡೆಯುವ ಔಷಧ ಮಾಡಬೇಕೆಂದಿದ್ದೇನೆ. ದೇಹದ ತುಂಬಾ ತಡೆದರೆ ಏನಾಗುತ್ತದೆ?”

ಗುರುಗಳು ಹೇಳಿದರು:

ಕಾಡಿನ ಅಂಚಿನ ಒಂದು ಊರು. ಬಿದಿರು ಸೀಳುವ, ಒಂದೇ ಮುಖದ ಅವಳಿ ಅಣ್ಣತಮ್ಮಂದಿರು ಅಲ್ಲಿದ್ದರು. ಅಣ್ಣ ಊರಿನ ದೊಡ್ಡ ಕೊಟ್ಟಿಗೆಯಲ್ಲಿ ಕೆಲಸ ಮಾಡುತ್ತಿದ್ದ. ಅವನು ಬಿದಿರನ್ನು ಎರಡು ಹೋಳು ಮಾಡಿ ದೋಣಿಯಂತೆ ಜೋಡಿಸುತ್ತಿದ್ದ. ದನಗಳ ಗಂಜಲ ಅದರಲ್ಲಿ ಹರಿದು ಹೊರಗೆ ಹೋಗುತ್ತಿತ್ತು. ತಮ್ಮನದು ಬಿದಿರು ಸೀಳಿ ಹೊಲಕ್ಕೆ ಬೇಲಿ ಕಟ್ಟುವ ಕೆಲಸ.

ಹೊಲದ ಬದಿಯಲ್ಲಿ ಒಬ್ಬ ಕಾವಲುಗಾರನಿದ್ದ. ಆನೆ ಬಂದರೆ ಅವನು ಹಸಿ ಬಿದಿರನ್ನು ಬೆಂಕಿಗೆ ಹಾಕುತ್ತಿದ್ದ. ಗೆಣ್ಣುಗಳ ನಡುವೆ ಸಿಕ್ಕಿದ ಗಾಳಿ ಕಾದು ಬಿದಿರು ಸಿಡಿಯುತ್ತಿತ್ತು. ಆ ಸದ್ದಿಗೆ ಆನೆ ಹಿಂದೆ ಸರಿಯುತ್ತಿತ್ತು.

ಒಂದು ವರ್ಷ ಹಂದಿಗಳು ಬೇಲಿ ಮುರಿದವು. ತಮ್ಮ ದುರಸ್ತಿಗೆ ಬಂದ. ಬೇಲಿ ಸರಿಹೋದ ಮೇಲೂ ಅವನ ಕೈ ನಿಲ್ಲಲಿಲ್ಲ. ಹಸಿಯಾಗಿರುವಾಗಲೇ ಸೀಳಬೇಕು ಎಂಬುದು ಅವರ ಕಸುಬಿನ ಕಟ್ಟಳೆ. ಬೇಲಿಯ ಮೇಲೆ ಬೇಲಿ ಕಟ್ಟಿದ, ಗಾಡಿದಾರಿ ಇಕ್ಕಟ್ಟಾಯಿತು. ಕಾವಲುಗಾರ ಕೂಡಿಟ್ಟಿದ್ದ ಹಸಿ ಬಿದಿರಿನ ರಾಶಿಯನ್ನೂ ಸೀಳಿಟ್ಟ.

ಮುಸ್ಸಂಜೆಗೆ ಆನೆ ಬಂತು. ಕಾವಲುಗಾರ ಸೀಳನ್ನು ಬೆಂಕಿಗೆ ಹಾಕಿದ. ಅದು ಸದ್ದಿಲ್ಲದೆ ಉರಿಯಿತು. ಆನೆ ರಾಗಿ ಪೈರನ್ನು ತುಳಿದುಕೊಂಡು ಹೋಯಿತು. ಕಾವಲುಗಾರ ಊರ ಗೌಡನ ಮುಂದೆ ನಿಂತು ಕೇಳಿದ: “ಸೀಳು ಕೊಟ್ಟು ಆನೆ ಓಡಿಸು ಅಂತೀರಲ್ಲ, ಬೀಸಣಿಗೆ ಹೆಣೆದು ಅದಕ್ಕೆ ಗಾಳಿ ಹಾಕಲಾ?”

ಊರಿನವರು ನಕ್ಕರು. ಗೌಡ ನಗಲಿಲ್ಲ. ಸೀಳುವ ಕಸುಬೇ ಊರಿಗೆ ಬೇಡ ಎಂದು ಅಪ್ಪಣೆ ಮಾಡಿ, ಇಬ್ಬರ ಮಚ್ಚನ್ನೂ ಕಸಿದುಕೊಂಡ. ಅಣ್ಣ ತಾನು ಹೊಲಕ್ಕೆ ಕಾಲಿಟ್ಟವನೇ ಅಲ್ಲ ಎಂದ. ಯಾರೂ ಕೇಳಿಸಿಕೊಳ್ಳಲಿಲ್ಲ.

ಹೊಲದಲ್ಲಿ ಬಿದಿರು ಮತ್ತೆ ಸಿಡಿಯತೊಡಗಿತು. ಆದರೆ ಕೊಟ್ಟಿಗೆಯ ಹಳೆಯ ದೋಣಿಗಳು ಕೊಳೆತು ಮುರಿದವು. ಹೊಸದನ್ನು ಹಾಕುವವರಿಲ್ಲ. ಗಂಜಲ ಒಳಗೇ ನಿಂತಿತು, ಅದರ ಘಾಟು ಕಣ್ಣಿಗೆ ಹೊಡೆಯಿತು. ದನಗಳು ಮೇವು ಬಿಟ್ಟವು. ತೂಕಡಿಸಿದವು. ಕೆಲವು ಮಲಗಿದಲ್ಲಿಂದ ಏಳಲೇ ಇಲ್ಲ.

ಗೌಡ ಕಸಿದಿದ್ದ ಮಚ್ಚನ್ನು ಹಿಂದೆ ಕೊಡಲು ತಾನೇ ಅಣ್ಣನ ಗುಡಿಸಲಿಗೆ ಹೋದ. ಅಣ್ಣ ಕೈ ಚಾಚಲಿಲ್ಲ.

“ಕೊಟ್ಟಿಗೆಗೆ ಯಾವ ಆನೆ ಬಂದಿತ್ತು ಗೌಡರೇ?” ಎಂದ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಹಾಗಾದರೆ ಹೊಲದವನ ಮಚ್ಚನ್ನು ಮಾತ್ರ ಕಸಿದರೆ ಸಾಕಲ್ಲವೇ ಎಂದು ಹೈಮವತಿ ಕೇಳಿದಳು.

ಗುರುಗಳು ಹೇಳಿದರು: “ಅವರು ಅವಳಿಗಳು, ಯಾರ ಮನೆಯ ಬಾಗಿಲು ತಟ್ಟಬೇಕೆಂದು ನಿನ್ನ ಔಷಧಕ್ಕೆ ಹೇಳಿ ಕಳಿಸಿದ್ದೀಯಾ?”