ಏಳೊಡೆಯನ ಬಿರುದು

ಏಳು ಗುಡ್ಡಗಳಿದ್ದ ಒಂದು ಕಾಡಿನಲ್ಲಿ ಗುಡ್ಡಕ್ಕೊಬ್ಬ ಒಡೆಯನಿದ್ದ. ಕರಡಿ, ಮುಳ್ಳುಹಂದಿ, ಜಿಂಕೆ, ನವಿಲು, ಉಡ, ಮೊಲ ಎಲ್ಲರೂ ಒಡೆಯರೇ. ಮೊಲದ ಗುಡ್ಡವಂತೂ ನಾಲ್ಕು ಸಲ ಕುಪ್ಪಳಿಸಿದರೆ ಮುಗಿದುಹೋಗುತ್ತಿತ್ತು. ಆದರೂ ಅದು ಕಿವಿ ನೆಟ್ಟಗೆ ಮಾಡಿಕೊಂಡು ತುದಿಯಲ್ಲಿ ಕೂತಿದ್ದರೆ, ದಾರಿಯಲ್ಲಿ ಹೋಗುವವರು "ಅಡ್ಡಬಿದ್ದೆ, ಒಡೆಯ" ಎಂದೇ ಮುಂದೆ ಹೋಗಬೇಕಿತ್ತು.

ಏಳನೆಯ ಗುಡ್ಡದ ಒಡೆಯ ಕತ್ತೆಕಿರುಬ. ಅದಕ್ಕೆ ಗುಹೆಯಿತ್ತು, ಹೊಟ್ಟೆ ತುಂಬ ಊಟವಿತ್ತು. ನೆಮ್ಮದಿ ಮಾತ್ರ ಇರಲಿಲ್ಲ. ಕಾರಣ ಅದರ ಹೆಸರು. ಯಾರಾದರೂ ದೂರದಿಂದ "ಕತ್ತೆ..." ಎಂದು ಶುರು ಮಾಡಿ "...ಕಿರುಬ" ಎಂದು ಮುಗಿಸುವಷ್ಟರಲ್ಲಿ ಅದರ ಮೈಯೆಲ್ಲ ಉರಿದುಹೋಗುತ್ತಿತ್ತು. ಮುದಿ ಉಡವಂತೂ ಉಸಿರು ಸಾಲದೆ ಎಷ್ಟೋ ಸಲ ಅರ್ಧಕ್ಕೇ ನಿಲ್ಲಿಸಿಬಿಡುತ್ತಿತ್ತು! ಈ ಹಾಳು ಹೆಸರಿನ ಮೇಲೆ ಏನಾದರೂ ದೊಡ್ಡದನ್ನು ಹೊದಿಸಿ ಮುಚ್ಚಿಬಿಡಬೇಕು ಎಂದು ಕತ್ತೆಕಿರುಬ ಸದಾ ಯೋಚಿಸುತ್ತಿತ್ತು.

ಕಾಡಿನಾಚೆಯ ಬೆಟ್ಟದಲ್ಲಿ ಒಂದು ಹುಲಿಯಿತ್ತು. ಅದು ತಿಂದು ಬಿಟ್ಟ ಎಂಜಲು ಮೂಳೆಗಳೇ ಕತ್ತೆಕಿರುಬದ ಊಟ. ಈ ಗುಟ್ಟು ಯಾರಿಗೂ ಗೊತ್ತಿರಲಿಲ್ಲ. ಒಂದು ದಿನ ಅದು ಆ ಮೂಳೆಗಳನ್ನು ಕಚ್ಚಿಕೊಂಡು ಬಂದು ಉಳಿದ ಗುಡ್ಡಗಳ ಬುಡದಲ್ಲೆಲ್ಲ ಚೆಲ್ಲಿತು. ಮೈಗೆ ಕೆಸರು ಬಳಿದುಕೊಂಡಿತು. ಆಮೇಲೆ ಕುಂಟುತ್ತಾ ಬಂದು ಎಲ್ಲರ ನಡುವೆ ನಿಂತಿತು.

"ಹುಲಿ ಬಂದಿತ್ತು. ಅಟ್ಟಿಬಿಟ್ಟೆ," ಎಂದಿತು. "ನೀವೆಲ್ಲ ಮಲಗಿದ್ರಿ. ಪಾಪ, ಎಬ್ಬಿಸೋದು ಯಾಕೆ ಅಂತ ಒಬ್ಬನೇ ಹೋದೆ."

ಮೂಳೆ ನೋಡಿದ ಕರಡಿಗೆ ಕಣ್ಣಲ್ಲಿ ನೀರೇ ಬಂತು. "ಬುದ್ಧೀ, ಈ ಉಪಕಾರಕ್ಕೆ ನಾವು ಏನು ಕೊಡೋಣ?"

"ಏನೂ ಬೇಡಪ್ಪ. ಒಂದು ಬಿರುದು ಸಾಕು. ಜೊತೆಗೆ ಸ್ವಲ್ಪ ಕಪ್ಪಕಾಣಿಕೆ. ಮತ್ತೆ ಹುಲಿ ಬಂದರೆ ನಾನಿದ್ದೀನಲ್ಲ."

ಬಿರುದು ಹುಡುಕುವ ಕೆಲಸ ಗೊರವಂಕ ಹಕ್ಕಿಯ ಪಾಲಿಗೆ ಬಂತು. ಕೂಗುವುದೇ ಅದರ ಕಸುಬು. ಅದು ಕತ್ತು ಓರೆ ಮಾಡಿ ಯೋಚಿಸಿ ಹೇಳಿತು: "ಏಳು ಗುಡ್ಡಕ್ಕೂ ಒಡೆಯ. ಅದಕ್ಕೇ ಏಳೊಡೆಯ!"

"ಮಲಗಿದೋರನ್ನ ಎಬ್ಬಿಸೋ ಹಾಗಿದೆಯಲ್ಲಾ?" ಎಂದಿತು ಮೊಲ. "ಏಳು, ಒಡೆಯ, ಬೆಳಗಾಯ್ತು ಅಂದ ಹಾಗೆ."

ಎಲ್ಲರೂ ಅದನ್ನು ದುರುಗುಟ್ಟಿ ನೋಡಿದರು. ಮೊಲ ಕಿವಿ ಇಳಿಬಿಟ್ಟಿತು.

ಅಂದಿನಿಂದ ಕಪ್ಪ ಶುರುವಾಯಿತು. ಕರಡಿ ಜೇನು ತಂದಿತು. ಮುಳ್ಳುಹಂದಿ ಗೆಡ್ಡೆಗೆಣಸು ತಂದಿತು. ಮೊಲ ಹುಲ್ಲು ತಂದಿತು.

"ಒಡೆಯ ಹುಲ್ಲು ತಿನ್ನಲ್ಲವಲ್ಲ?" ಎಂದು ಮೊಲ ಮೆಲ್ಲಗೆ ಕೇಳಿತು.

"ನಾನು ತಿನ್ನೋದು ಮುಖ್ಯ ಅಲ್ಲ ಕಣೋ. ನೀನು ತರೋದು ಮುಖ್ಯ," ಎಂದಿತು ಏಳೊಡೆಯ.

ಹುಲ್ಲು ಹಾಸಿಗೆಯಾಯಿತು. ಗೆಣಸು ಗುಹೆಯ ಮೂಲೆಯಲ್ಲಿ ರಾಶಿ ಬಿತ್ತು. ಏಳೊಡೆಯ ಅದನ್ನೂ ತಿನ್ನುತ್ತಿರಲಿಲ್ಲ, ಬಂದವರಿಗೆ ತೋರಿಸುತ್ತಿತ್ತು ಅಷ್ಟೇ. ಅತ್ತ ಮುಳ್ಳುಹಂದಿಯ ಮರಿಗಳು ಬರೀ ಮಣ್ಣು ಕೆದರಿ, ಹಸಿದುಕೊಂಡೇ ಮಲಗುತ್ತಿದ್ದವು. ಕಥೆಯ ಈ ಭಾಗಕ್ಕೆ ನನಗೆ ನಗು ಬರುವುದಿಲ್ಲ.

ಹಾಸಿಗೆಯ ಮೇಲೆ ಮಲಗಿದ್ದ ಏಳೊಡೆಯನಿಗೆ ಇನ್ನೊಂದು ಯೋಚನೆ ಬಂತು. ಉಳಿದವರೂ ಒಡೆಯರಾಗಿಯೇ ಇದ್ದರೆ ತನ್ನ ದೊಡ್ಡಸ್ತಿಕೆ ಎಲ್ಲಿ ಕಾಣುತ್ತದೆ? ಅದು ಅವರನ್ನು ಕರೆಸಿ, "ಇನ್ನು ಮೇಲೆ ನೀವು ಕಿರಿಯೊಡೆಯರು," ಎಂದಿತು. ಸ್ವಲ್ಪ ದಿನಕ್ಕೆ "ಗುಡ್ಡದ ಗೌಡರು" ಎಂದಿತು. ಮಳೆಗಾಲ ಮುಗಿಯುವಷ್ಟರಲ್ಲಿ ಅವರೆಲ್ಲ "ಗುಡ್ಡ ಕಾಯೋ ಆಳುಗಳು" ಆಗಿದ್ದರು. ಏಳೊಡೆಯನ ಪಕ್ಕದಲ್ಲಿ ಕೂರುವವರು ಯಾರು ಎಂದು ಕರಡಿಗೂ ನವಿಲಿಗೂ ಜಗಳ ನಡೆದಿತ್ತು. ಆ ಗಲಾಟೆಯಲ್ಲಿ ಒಡೆತನ ಹೋದದ್ದು ಯಾರ ಗಮನಕ್ಕೂ ಬರಲಿಲ್ಲ.

ಅಷ್ಟಕ್ಕೂ ಏಳೊಡೆಯನಿಗೆ ತೃಪ್ತಿಯಾಗಲಿಲ್ಲ. "ಬಿರುದು ಗಿಡ್ಡವಾಯ್ತು," ಎಂದು ಗೊರವಂಕನಿಗೆ ಹೇಳಿತು. "ಹುಲಿಯಟ್ಟಿದ ಏಳೊಡೆಯ ಅಂತ ಕೂಗು. ಇಲ್ಲಿ ಕೂಗಿದ್ದು ಸಾಕು. ದೂರ ಹೋಗಿ ಕೂಗು."

ಗೊರವಂಕ ಹೇಳಿದ ಮಾತು ಮೀರುವ ಹಕ್ಕಿಯಲ್ಲ. ದೂರ ಎಂದರೆ ದೂರವೇ ಹಾರಿತು. ಕಾಡು ದಾಟಿ ಆಚೆಯ ಬೆಟ್ಟದ ಮೇಲೆ ಕೂತು, "ಹುಲಿಯಟ್ಟಿದ ಏಳೊಡೆಯನಿಗೆ ಜಯವಾಗಲಿ!" ಎಂದು ಗಂಟಲು ಹರಿಯುವಂತೆ ಕೂಗಿತು. ಕೆಳಗೆ ಬಂಡೆಯ ನೆರಳಿನಲ್ಲಿ ಹುಲಿ ಮಲಗಿತ್ತು. ಅದು ಒಂದು ಕಣ್ಣು ತೆರೆಯಿತು.

ಮಧ್ಯಾಹ್ನದ ಹೊತ್ತಿಗೆ ಹುಲಿ ಕರಡಿಯ ಗುಡ್ಡದ ಬುಡದಲ್ಲಿತ್ತು. "ನನ್ನನ್ನ ಅಟ್ಟಿದ ಒಡೆಯ ನೀನೇನಾ?"

ಕರಡಿ ಕೈ ಮುಗಿಯಿತು. "ಅಯ್ಯೋ ಸ್ವಾಮೀ, ನಾನೆಲ್ಲಿಯ ಒಡೆಯ? ಒಡೆಯನೂ ಅಲ್ಲ, ಕಿರಿಯೊಡೆಯನೂ ಅಲ್ಲ. ಗುಡ್ಡ ಕಾಯೋ ಆಳು. ಬೇಕಾದರೆ ಯಾರನ್ನಾದರೂ ಕೇಳಿ."

ಕೇಳಿದ ಕಡೆಯಲ್ಲೆಲ್ಲ ಇದೇ ಉತ್ತರ. ಇಷ್ಟು ಸಂತೋಷದಿಂದ ಯಾವ ಆಳೂ ತಾನು ಆಳೆಂದು ಹೇಳಿಕೊಂಡಿರಲಿಕ್ಕಿಲ್ಲ. ಕೊನೆಗೆ ಮುಳ್ಳುಹಂದಿ ಮುಂದೆ ಬಂತು. "ಒಡೆತನವೆಲ್ಲ ಆ ಗುಹೆಯಲ್ಲಿದೆ, ಸ್ವಾಮಿ. ಬನ್ನಿ, ದಾರಿ ತೋರಿಸ್ತೀನಿ." ಉಳಿದವರೂ ದೂರದಿಂದಲೇ ಹಿಂಬಾಲಿಸಿದರು.

ಗುಹೆಯ ಬಾಯಲ್ಲಿ ಪಟ್ಟೆಪಟ್ಟೆ ಮೈ ಕಂಡದ್ದೇ ತಡ, ಏಳೊಡೆಯ ಹುಲ್ಲಿನೊಳಗೆ ಮುಖ ಹುದುಗಿಸಿ ಗೊರಕೆ ಹೊಡೆಯತೊಡಗಿತು. ಅತಿಥಿ ಬಂದಾಗ ಬಿರುದು ಕೂಗಬೇಕೆಂಬುದು ಅಪ್ಪಣೆ. ಆಗಲೇ ಹಿಂದಿರುಗಿದ್ದ ಗೊರವಂಕ ಎದೆಯುಬ್ಬಿಸಿ ಕೂಗಿತು: "ಏಳೊಡೆಯ! ಏಳೊಡೆಯ!"

ದೂರದಲ್ಲಿ ನಿಂತಿದ್ದ ಮೊಲದ ಕಿವಿ ಮತ್ತೆ ನೆಟ್ಟಗಾಯಿತು. "ಅದನ್ನೇ ಅಲ್ಲವಾ ನಾನು ಅವತ್ತೇ ಹೇಳಿದ್ದು!" ಎಂದು ಅದೂ ದನಿ ಸೇರಿಸಿತು. "ಏಳು, ಒಡೆಯ, ಏಳು!"

ಈಗ ಎಲ್ಲರಿಗೂ ಅರ್ಥವಾಯಿತು. "ಏಳು, ಒಡೆಯ! ಹುಲಿ ಬಂದಿದೆ, ಎದ್ದು ಅಟ್ಟು!" ಎಂದು ಎಲ್ಲರೂ ಒಟ್ಟಿಗೆ ಕೂಗಿದರು.

ಹುಲಿ ಪಂಜದಿಂದ ಹುಲ್ಲು ಸರಿಸಿತು. "ಹುಲಿಯಟ್ಟಿದ ಏಳೊಡೆಯ ನೀನೇನಾ?"

"ಯಾರೋ ಆಗದವರು ಹುಟ್ಟಿಸಿದ ಸುದ್ದಿ, ಸ್ವಾಮಿ. ನಾನು ಬರೀ ಕತ್ತೆಕಿರುಬ."

"ಕಿರುಬನಾ?" ಹುಲಿಯ ಮೀಸೆ ಅಲುಗಿತು. "ನನ್ನ ಮೂಳೆ ಕದ್ದುಕೊಂಡು ಹೋಗೋ ಕಿರುಬನಾ?"

ಏಳೊಡೆಯನಿಗೆ ಜೀವ ಬಾಯಿಗೆ ಬಂತು. ಹುಟ್ಟಿದಾಗಿನಿಂದ ಯಾವ ಮಾತಿಗೆ ಮೈ ಉರಿಯುತ್ತಿತ್ತೋ, ಈಗ ಅದೇ ಮಾತನ್ನು ತಾನಾಗಿ ಅರಚಿತು. "ಅಲ್ಲ, ಅಲ್ಲ! ಕಿರುಬ ಅಲ್ಲವೇ ಅಲ್ಲ! ಕತ್ತೆ, ಸ್ವಾಮೀ! ಬರೀ ಕತ್ತೆ!"

"ಒಳ್ಳೇದಾಯ್ತು," ಎಂದಿತು ಹುಲಿ. "ಕಿರುಬನ ಮಾಂಸ ನಾತ, ನಾನು ಮುಟ್ಟಲ್ಲ. ಕತ್ತೆಯಾದರೆ ಬಿಡೋದಿಲ್ಲ."

ಎಂದು ಹಾರಿಯೇಬಿಟ್ಟಿತು. ಕತ್ತೆಕಿರುಬ ಗುಹೆಯ ಹಿಂದಿನ ಕಿಂಡಿಯಲ್ಲಿ ನುಸುಳಿತು. ಮೈ ಆಚೆ ಹೋಯಿತು, ಬಾಲ ಹುಲಿಯ ಬಾಯಲ್ಲಿ ಉಳಿಯಿತು. ಹುಲಿ ಅದನ್ನು ಒಮ್ಮೆ ಅಗಿದು, "ಥೂ! ಕಿರುಬನೇ!" ಎಂದು ಉಗಿದು, ಬಾಯಿ ತೊಳೆಯಲು ಹಳ್ಳದ ಕಡೆಗೆ ಹೋಯಿತು. ಬಾಲವಿಲ್ಲದ ಕತ್ತೆಕಿರುಬ ಮತ್ತೆ ಆ ಕಾಡಿಗೆ ಕಾಲಿಡಲಿಲ್ಲ.

ಧೂಳು ಅಡಗಿತು. ಆರು ಗುಡ್ಡದವರೂ ಮತ್ತೆ ಒಡೆಯರಾದರು. ಆದರೆ ಕರಡಿ ಮಾತ್ರ ಮನೆಗೆ ಹೋಗಲಿಲ್ಲ. ಗುಹೆಯೊಳಗೆಲ್ಲ ಕಣ್ಣಾಡಿಸಿ, ಗೆಣಸಿನ ರಾಶಿಯ ಮೇಲೆ ಹಾಯಾಗಿ ಕೂತು, ಗೊರವಂಕನನ್ನು ಹತ್ತಿರ ಕರೆದು ಪಿಸುಗುಟ್ಟಿತು: "ಆ ಬಿರುದು ಈಗ ಖಾಲಿ ಬಿದ್ದಿದೆ, ಅಲ್ವಾ?"

ಹಿಂದಿನಿಂದ ಮುಳ್ಳುಗಳು ಝಲ್ಲೆಂದವು. ಮುಳ್ಳುಹಂದಿ ಮರಿಗಳನ್ನು ಕಟ್ಟಿಕೊಂಡು ನಿಂತಿತ್ತು.

"ಏಳು, ಒಡೆಯ," ಎಂದಿತು ಅದು. "ನನ್ನ ಮಕ್ಕಳ ಊಟದ ಮೇಲೆ ಕೂತಿದ್ದೀಯ."

ಕರಡಿ ಎದ್ದಿತು.

ನೀತಿ: ಮಾಡದ ಸಾಹಸಕ್ಕೆ ಬಿರುದು ಹೊತ್ತು ಮೆರೆಯುವವನು, ಆ ಸಾಹಸವನ್ನು ಮಾಡಿ ತೋರಿಸಬೇಕಾದ ದಿನ ಬಿರುದನ್ನೂ ಕಳೆದುಕೊಳ್ಳುತ್ತಾನೆ, ಇದ್ದ ಮಾನವನ್ನೂ ಕಳೆದುಕೊಳ್ಳುತ್ತಾನೆ.