ಗ್ರೀಸಿನಲ್ಲಿ ಹೊಳೆ

ಹೊಳೆಯ ಈಚೆ ದಡದಲ್ಲಿ ಮರುಳಜ್ಜನ ಆಶ್ರಮ, ಆಚೆ ದಡದಲ್ಲಿ ಡಾಂಬರು ರಸ್ತೆ. ನಡುವೆ ಅರ್ಧ ಮೈಲಿ ಮರಳು.

ಆ ಮರಳನ್ನು ದಾಟಬಲ್ಲ ಗಾಡಿ ಸುತ್ತಮುತ್ತಲೆಲ್ಲ ಒಂದೇ ಇತ್ತು. ಆಶ್ರಮದ ಹಳೆಯ ಪಿಕಪ್. ಅದರ ನಾಲ್ಕೂ ಚಕ್ರಗಳಿಗೆ ಇಂಜಿನ್ನಿನ ಬಲ ಹೋಗುತ್ತಿತ್ತು.

ಗಾಡಿಯ ಉಸ್ತುವಾರಿ ತಿಪ್ಪೇಶನದು. ಬಿಎಸ್ಸಿ ಮುಗಿಸಿ, ಅಜ್ಜ ಏನಾದರೂ ಕಲಿಸಿಯಾರು ಎಂದು ಬಂದವನು. ಅಜ್ಜ ಅವನ ಕೈಗೆ ಗಾಡಿಯ ಚಾವಿ ಕೊಟ್ಟರು.

ಎರಡು ವರ್ಷದಲ್ಲಿ ಅವನು ಮೂರು ಸಲ ಕೇಳಿದ್ದ, ಪಾಠ ಯಾವಾಗ ಎಂದು. ಮೂರು ಸಲವೂ ಅಜ್ಜ ನಕ್ಕು ಅವನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದ್ದರು.

ತಿಪ್ಪೇಶ ದಿನಾ ಬೆಳಿಗ್ಗೆ ಗಾಡಿ ಒರೆಸುತ್ತಿದ್ದ. ಮೇಲಿಂದ ಕೆಳಗೆ, ಎಡದಿಂದ ಬಲಕ್ಕೆ, ಕಡೆಗೆ ಚಕ್ರಗಳ ಒಳಮೈ. ಯಾರಿಗೂ ಹೇಳದಿದ್ದರೂ ಅವನಿಗೆ ಅದು ಪೂಜೆಯೇ ಆಗಿತ್ತು.

ಮಂಗಳವಾರ ಮತ್ತು ಶುಕ್ರವಾರ ಗಾಡಿಗೆ ತಪ್ಪದ ಕೆಲಸವೊಂದಿತ್ತು. ಪಕ್ಕದ ಊರಿನ ಹಾಲಮ್ಮನನ್ನು ಪಟ್ಟಣದ ಆಸ್ಪತ್ರೆಗೆ ಒಯ್ಯಬೇಕು. ಅವಳ ಎರಡೂ ಕಿಡ್ನಿ ಸೋತಿದ್ದವು. ಡಯಾಲಿಸಿಸ್ ಒಂದು ಸಲ ತಪ್ಪಿದರೂ ಮೈಯಲ್ಲಿ ನೀರು ತುಂಬಿ ಉಸಿರು ಕಟ್ಟುತ್ತಿತ್ತು. ಅಜ್ಜ ಮುಂದಿನ ಸೀಟಿನಲ್ಲಿ ಅವಳ ಪಕ್ಕ ಕೂತು ಹೋಗುತ್ತಿದ್ದರು. ದಾರಿಯುದ್ದಕ್ಕೂ ಇಬ್ಬರೂ ಜಗಳವಾಡುತ್ತಿದ್ದರು.

ಒಂದು ಮಂಗಳವಾರ ಸಂಜೆ ವಾಪಸು ಬರುವಾಗ, ಹೊಳೆಗೆ ಇಳಿಯುವ ತಿರುವಿನಲ್ಲಿ ಮುಂದಿನ ಎಡ ಚಕ್ರ ಟಕ್ ಟಕ್ ಎಂದಿತು.

“ಏನಪ್ಪಾ ತಿಪ್ಪೇಶಿ,” ಹಾಲಮ್ಮ ಕೇಳಿದಳು, “ನಿನ್ನ ಗಾಡಿಗೂ ನನ್ನ ಹಂಗೆ ಮಂಡಿ ಹೋದ್ವಾ?”

ತಿಪ್ಪೇಶ ಇಳಿದು ಬಗ್ಗಿ ನೋಡಿದ. ಚಕ್ರವನ್ನು ತಿರುಗಿಸುವ ಆಕ್ಸಲ್ಲಿನ ತುದಿಯಲ್ಲಿ ಒಂದು ಕೀಲು ಇರುತ್ತದೆ. ಆ ಕೀಲಿನ ಮೇಲೆ ಮಡಿಕೆ ಮಡಿಕೆಯ ರಬ್ಬರ್ ಬೂಟು ತೊಡಿಸಿರುತ್ತಾರೆ. ಗ್ರೀಸು ಒಳಗೇ ಇರಲಿ, ಮರಳು ಹೊರಗೇ ಇರಲಿ ಎಂದು. ಆ ಬೂಟು ಎರಡು ಮಡಿಕೆಗಳ ನಡುವೆ ಬಾಯಿ ಬಿಟ್ಟಿತ್ತು. ಚಕ್ರದ ಒಳಮೈಯಲ್ಲಿ ಕಪ್ಪು ಗ್ರೀಸು ಸಿಡಿದಿತ್ತು.

ಆ ಕಲೆಯ ಗುರುತು ಅವನಿಗೆ ಚೆನ್ನಾಗಿಯೇ ಇತ್ತು.

ಹಾಲಮ್ಮನನ್ನು ಮನೆ ಸೇರಿಸಿ ಬಂದ ಮೇಲೆ ಅಜ್ಜನ ಮುಂದೆ ನಿಂತು ಬೂಟು ಹರಿದ ಸಂಗತಿ ಹೇಳಿದ.

“ಇವತ್ತು ಹರಿದದ್ದಾ?” ಅಜ್ಜ ಕೇಳಿದರು.

“ಅಲ್ಲ ಅಜ್ಜ. ಒಂದು ತಿಂಗಳಿಂದ ಚಕ್ರದ ಒಳಗಡೆ ಕಪ್ಪು ಕಲೆ ಬೀಳ್ತಿತ್ತು.”

“ಏನು ಮಾಡಿದೆ?”

“ಒರೆಸಿದೆ.”

“ದಿನಾ?”

“ದಿನಾ. ಒಂದು ದಿನಾನೂ ತಪ್ಪಿಸಿಲ್ಲ.”

ಹೇಳಿದ ಮೇಲೆ ಆ ಮಾತು ಅವನ ಕಿವಿಗೇ ಬಿತ್ತು. ತಲೆ ತಗ್ಗಿಸಿದ.

“ಕಲೆ ಚೊಕ್ಕ ಹೋಗ್ತಿತ್ತಾ?” ಎಂದರು ಅಜ್ಜ.

“ಹೋಗ್ತಿತ್ತು.”

“ಬಟ್ಟೆ ಒಳ್ಳೇದು,” ಎಂದರು ಅಜ್ಜ.

ಬುಧವಾರ ತಿಪ್ಪೇಶ ಮರಳಿನಲ್ಲಿ ನಡೆದು ಹೋಗಿ ಬಸ್ಸು ಹಿಡಿದ. ಪಟ್ಟಣದ ಮೆಕ್ಯಾನಿಕ್ ಮೌಲಾಸಾಬರ ಕೈಯಲ್ಲಿ ವಾರಕ್ಕಾಗುವಷ್ಟು ಕೆಲಸವಿತ್ತು. ಹೊಳೆ ದಾಟಿ ಬರಲು ಅವರಿಂದಾಗದು. ಕೀಲನ್ನೇ ಬದಲಿಸೋಣವೆಂದರೆ ಅದು ಬರಲು ಹತ್ತು ದಿನ. ಶುಕ್ರವಾರಕ್ಕೆ ಉಳಿದದ್ದು ಎರಡೇ ದಿನ.

ಓದಿದವನು, ನೀನೇ ಮಾಡು ಎಂದರು ಅವರು. ಹೊಸ ಬೂಟು, ಗ್ರೀಸಿನ ಪ್ಯಾಕೆಟ್ಟು, ಬಿಗಿಯುವ ಪಟ್ಟಿಗಳು, ಕೀಲು ಕಳಚದಂತೆ ಹಿಡಿಯುವ ಒಂದು ಲಾಕ್ ರಿಂಗು ಕೊಟ್ಟು, ಬಿಚ್ಚುವ ಬಗೆ, ಕೂಡಿಸುವ ಬಗೆ ಹೇಳಿದರು. ತಿಪ್ಪೇಶ ಇಪ್ಪತ್ತೊಂದು ಹಂತಗಳಾಗಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡ.

“ಒಂದು ಮಾತು ನೆನಪಿರಲಿ,” ಎಂದರು ಮೌಲಾಸಾಬ್. “ಹಳೇ ಗ್ರೀಸು ಪೂರ್ತಿ ತೊಳೀಬೇಕು. ಅದರಲ್ಲಿ ಮರಳಿರುತ್ತೆ. ಅದರ ಮೇಲೆ ಹೊಸ ಬೂಟು ಹಾಕಿದರೆ ಕಳ್ಳನ್ನ ಒಳಗಿಟ್ಟು ಬೀಗ ಹಾಕಿದ ಹಾಗೆ.”

ಗುರುವಾರ ಬೆಳಿಗ್ಗೆ ಆರಕ್ಕೆ ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಮುಂದಿನ ಭಾಗಕ್ಕೆ ಜಾಕ್ ಏರಿಸಿ, ಕೆಳಗೆ ಮರದ ದಿಮ್ಮಿ ಇಟ್ಟು ಕೆಲಸ ಹಿಡಿದ. ಅಜ್ಜ ಪಕ್ಕದ ಚಪ್ಪಡಿಯ ಮೇಲೆ ಕೂತರು. ಸ್ಪ್ಯಾನರ್ ಕೊಡುವ ಕೆಲಸ ತಮ್ಮದು ಎಂದರು.

ಹದಿನೇಳನೇ ನಂಬರಿನದು ಕೇಳಿದರೆ ಹತ್ತೊಂಬತ್ತರದು ಕೊಡುತ್ತಿದ್ದರು. ಕೇಳಿದ್ದಕ್ಕಿಂತ ಹೆಚ್ಚು ಕೊಡುವುದು ಅವರ ಅಭ್ಯಾಸ.

ಚಕ್ರದ ನಡುವಿನ ದೊಡ್ಡ ನಟ್ಟು ಜಪ್ಪಯ್ಯ ಅಂದರೂ ಕದಲಲಿಲ್ಲ. ಸ್ಪ್ಯಾನರಿನ ಹಿಡಿಗೆ ಕೊಳವೆ ಸಿಕ್ಕಿಸಿ ತಿಪ್ಪೇಶ ಜೋತುಬಿದ್ದ. ಸಾಲಲಿಲ್ಲ. ಅಜ್ಜ ಎದ್ದು ಬಂದು ತಾವೂ ಜೋತುಬಿದ್ದರು. ಅವರ ತೂಕ ನಲವತ್ತೆಂಟು ಕಿಲೋ. ಕೊರತೆ ಇದ್ದದ್ದೂ ಅಷ್ಟೇ ಎಂಬಂತೆ ನಟ್ಟು ಸಡಿಲಾಯಿತು.

ಆಕ್ಸಲ್ ಹೊರಬಂತು. ಹರಿದ ಬೂಟನ್ನು ಕತ್ತರಿಸಿ ತೆಗೆದು ಕೀಲನ್ನು ಬಿಚ್ಚಿದ. ಒಳಗೆ ಆರು ಉಕ್ಕಿನ ಗುಂಡುಗಳು. ಹಳೆಯ ಧೋತರದ ಚೂರಿನ ಮೇಲೆ ಅಂಕಿ ಬರೆದು, ಯಾವ ಗೂಡಿನದು ಯಾವುದೆಂದು ಸಾಲಾಗಿ ಇಟ್ಟ.

ಎಲ್ಲವನ್ನೂ ಸೀಮೆಎಣ್ಣೆಯಲ್ಲಿ ತೊಳೆದ. ಗುಂಡುಗಳು ಫಳಫಳ ಅಂದವು.

“ಸಾಕಾ ಅಜ್ಜ?”

ಅಜ್ಜ ಕೀಲಿನ ಬಟ್ಟಲೊಳಗೆ ಬೆರಳಾಡಿಸಿ, ಕಣ್ಣು ಮುಚ್ಚಿ, ಬೆರಳಿಗೆ ಬೆರಳು ಉಜ್ಜಿದರು.

“ಇನ್ನೂ ಹೊಳೆ ಇದೆ.”

ಎರಡನೇ ಸಲ ತೊಳೆದ. ಇನ್ನೂ ಹೊಳೆ ಇತ್ತು. ಮೂರನೇ ಸಲವೂ ಇತ್ತು.

ನಾಲ್ಕನೇ ಸಲ ಅವನು ಅಜ್ಜನನ್ನು ಕೇಳಲಿಲ್ಲ. ತಾನೇ ಕಣ್ಣು ಮುಚ್ಚಿ ಬೆರಳು ಉಜ್ಜಿದ. ಮರಳಿನ ಒಂದು ಹರಳು ಸಿಕ್ಕಿತು. ಮತ್ತೆ ಎಣ್ಣೆ ಸುರಿದ.

ಐದನೇ ಸಲ ಏನೂ ಸಿಗಲಿಲ್ಲ. ಬಟ್ಟಲನ್ನು ಅಜ್ಜನ ಮುಂದೆ ಹಿಡಿದ. ಅಜ್ಜ ಬೆರಳು ಚಾಚಲೇ ಇಲ್ಲ.

ಮರಳು ಹೋಗಿತ್ತು, ಆದರೆ ಬಟ್ಟಲಿನ ಒಂದು ಮಗ್ಗುಲಲ್ಲಿ ಕೂದಲೆಳೆಯಂಥ ಗೀರು ಉಳಿದಿತ್ತು. ಉಗುರು ಆಡಿಸಿದರೆ ತಡೆಯುತ್ತಿತ್ತು. ತಿಂಗಳ ಮರಳು ತೇದ ಗೀರು. ಉಗುರು ತಡೆದರೆ ಕೀಲು ವರ್ಷ ಬಂದರೂ ಬಂದೀತು, ವಾರಕ್ಕೇ ಮುರಿದರೂ ಮುರಿದೀತು ಎಂದಿದ್ದರು ಮೌಲಾಸಾಬ್. ತಿಪ್ಪೇಶ ಹೊಸ ಗ್ರೀಸು ತುಂಬಿದ.

ಗುಂಡುಗಳನ್ನು ಅಂಕಿಯ ಪ್ರಕಾರ ಕೂರಿಸಿದ. ಕೀಲನ್ನು ಆಕ್ಸಲ್ಲಿಗೆ ಹೊಂದಿಸಿ ಮರದ ಕೊಡತಿಯಿಂದ ಬಡಿದ. ಲಾಕ್ ರಿಂಗು ಕಟಕ್ಕೆಂದು ಕೂತಿತು. ಬೆನ್ನು ನೆಟ್ಟಗೆ ಮಾಡಿ ಸಮಾಧಾನದ ಉಸಿರು ಬಿಟ್ಟ.

ಅಜ್ಜ ಹೊಸ ರಬ್ಬರ್ ಬೂಟನ್ನು ಮುಂಗೈಗೆ ತೊಟ್ಟುಕೊಂಡು ಹಿಂದೆ ಮುಂದೆ ತಿರುಗಿಸಿ ನೋಡುತ್ತಿದ್ದರು.

“ಇದು ಎಲ್ಲಿಗೆ ಬರೋದು?”

ತಿಪ್ಪೇಶ ನೋಟ್‌ಬುಕ್ ತೆರೆದ. ಹದಿನಾಲ್ಕನೇ ಹಂತ: ಮೊದಲು ಬೂಟು, ಆಮೇಲೆ ಕೀಲು. ಕೆಳಗೆ ಎರಡು ಗೆರೆ ಬೇರೆ ಎಳೆದಿದ್ದ.

ಕೂತಲ್ಲೇ ಕೂತುಬಿಟ್ಟ. ಕೀಲು ಕೂತ ಮೇಲೆ ಬೂಟು ತೂರದು, ಮತ್ತೆ ಬಿಚ್ಚಬೇಕು. ಬಿಸಿಲು ನೆತ್ತಿಯಿಂದ ಆಗಲೇ ಇಳಿದಿತ್ತು.

“ನೋಡ್ತಾನೇ ಇದ್ರಲ್ಲ ಅಜ್ಜ. ಮೊದಲೇ ಹೇಳಬಾರದಿತ್ತಾ?”

“ಬೂಟು ಕೊನೇಲಿ ಹಾಕ್ತಾನೇನೋ ಅಂದುಕೊಂಡೆ. ಓದಿದವನು.” ಅಜ್ಜ ಬೂಟನ್ನು ಕೈಯಿಂದ ಕಳಚಿದರು. “ಟಕ್ ಟಕ್ ಅನ್ನೋದೂ ನನಗೆ ಹದಿನೈದು ದಿನದಿಂದ ಸಣ್ಣಗೆ ಕೇಳಿಸ್ತಿತ್ತು ಕಣೋ. ದಿನಾ ಒರೆಸೋನು, ಅವನಿಗೆ ಗೊತ್ತಿರದೇ ಇರುತ್ತಾ ಅಂತ ಸುಮ್ಮನಿದ್ದೆ.”

ತಿಪ್ಪೇಶ ಅವರನ್ನೇ ನೋಡಿದ.

“ನನಗೂ ಒಂದೆರಡು ಸಲ ಕೇಳಿಸಿತ್ತು ಅಜ್ಜ. ಪಕ್ಕದಲ್ಲಿ ನೀವಿದ್ರಿ. ಏನಾದ್ರೂ ಇದ್ದಿದ್ರೆ ಅಜ್ಜ ಹೇಳ್ತಿದ್ರು ಅಂದ್ಕೊಂಡೆ.”

ಮೊದಲು ನಕ್ಕವರು ಅಜ್ಜ. ಅವರ ಭುಜ ಕುಣಿಯುವುದನ್ನು ನೋಡಿ ತಿಪ್ಪೇಶನಿಗೂ ತಡೆಯಲಾಗಲಿಲ್ಲ. ಗ್ರೀಸಿನ ಕೈಯಿಂದಲೇ ಕಣ್ಣೊರೆಸಿಕೊಂಡ. ಮುಖವೆಲ್ಲ ಕಪ್ಪಾಯಿತು.

ಮತ್ತೆ ಬಿಚ್ಚಿದ. ಬೂಟು ಮೊದಲು, ಕೀಲು ಆಮೇಲೆ. ಪಟ್ಟಿಗಳನ್ನು ಬಿಗಿದ. ಚಕ್ರ ಹಾಕಿ ಜಾಕ್ ಇಳಿಸುವಾಗ ಐದು ಗಂಟೆ.

ಕೈ ತೊಳೆಯುತ್ತಾ ಗೀರಿನ ವಿಷಯ ತೆಗೆದ. ನಾಳೆ ಮರಳಿನ ನಡುವೆ ಕೀಲು ಮುರಿದರೆ ಗಾಡಿ ಅಲ್ಲೇ ನಿಲ್ಲುತ್ತದೆ. ಹಾಲಮ್ಮನಿಗೆ ನಡೆಯಲಾಗದು. ಇದನ್ನು ಹೇಳಿದರೆ ಅವಳು ಹೆದರಿ ಮನೆಯಲ್ಲೇ ಉಳಿದಾಳು. ಉಳಿದರೆ ಜೀವಕ್ಕೇ ಅಪಾಯ. ಹೇಳದೆ ಕರೆದೊಯ್ಯುವುದೇ ಮೇಲೇನೋ. ಗಾಡಿ ಬಹುಶಃ ದಾಟೀತು. ಹೀಗೆ ಲೆಕ್ಕ ಹಾಕಿ ಹಾಕಿ ಹೇಳಿ, ಕಡೆಗೆ ಅಜ್ಜನ ಮುಖ ನೋಡಿದ.

“ಇದನ್ನೂ ಒರೆಸ್ತೀಯಾ?” ಎಂದು ಅಜ್ಜ ಮೆಲ್ಲಗೆ ಕೇಳಿದರು.

ಶುಕ್ರವಾರ ಬೆಳಗಾಗುತ್ತಲೇ ತಿಪ್ಪೇಶ ಗಾಡಿಯನ್ನು ಹಾಲಮ್ಮನ ಮನೆ ಮುಂದೆ ನಿಲ್ಲಿಸಿದ. ಅವಳು ಕೈಚೀಲ ಹಿಡಿದು ಕಟ್ಟೆಯ ಮೇಲೆ ಕೂತಿದ್ದಳು. ಪಾದಗಳು ಊದಿದ್ದವು. ಅವನು ಅವಳ ಎದುರು ಕುಕ್ಕರಗಾಲಲ್ಲಿ ಕೂತು, ತಿಂಗಳಿಡೀ ಕಲೆ ಒರೆಸಿದ್ದು, ಕೀಲು ತೊಳೆದದ್ದು, ಗೀರು ಉಳಿದದ್ದು ಎಲ್ಲವನ್ನೂ ಹೇಳಿದ. ದಾಟುತ್ತದೆ ಎಂದು ತನಗೆ ಅನ್ನಿಸುತ್ತದೆ, ಆದರೆ ಮಾತು ಕೊಡಲಾರೆ ಎಂದ.

ಹಾಲಮ್ಮ ಪೂರ್ತಿ ಕೇಳಿದಳು.

“ನಂದು ಎರಡೂ ಕಿಡ್ನಿ ಹೋಗ್ಯಾವೆ. ಆದ್ರೂ ವಾರಕ್ಕೆರಡು ಸಲ ಹೊಳೆ ದಾಟ್ತೀನಿ,” ಎಂದಳು. “ನಿನ್ನ ಗಾಡೀಲಿ ಒಂದು ಗೀರಾಗೈತೆ ಅಂತ ಮನೇಲಿ ಕೂರ್ಲಾ? ಏಳು, ಕೈ ಕೊಡು.”

ಅವನು ಕೈ ಕೊಟ್ಟು ಮುಂದಿನ ಸೀಟಿಗೆ ಹತ್ತಿಸಿದ. ಅವಳು ಸೆರಗು ಸರಿಮಾಡಿಕೊಂಡು, ಮೊದಲೇ ಹೇಳಿದ್ದರೆ ಚಲೋ ಇತ್ತು, ತಾನು ದಾರೀಲಿ ತಿನ್ನಲು ಎರಡು ರೊಟ್ಟಿ ಹೆಚ್ಚಿಗೆ ಕಟ್ಟಿಸಿಕೊಳ್ಳಬಹುದಿತ್ತು ಎಂದು ಗೊಣಗಿದಳು.

ಅಜ್ಜ ಅವತ್ತು ಅವಳ ಪಕ್ಕ ಕೂರಲಿಲ್ಲ. ಹಿಂದೆ ಸಾಮಾನು ಹೇರುವ ತೊಟ್ಟಿಗೆ ಹತ್ತಿದರು. ತನ್ನ ಜೊತೆ ಜಗಳಕ್ಕೆ ಹೆದರಿದರು ಎಂದಳು ಹಾಲಮ್ಮ.

ಹೊಳೆಗೆ ಇಳಿಯುವ ತಿರುವು ಬಂತು. ತಿಪ್ಪೇಶ ಸ್ಟಿಯರಿಂಗನ್ನು ಪೂರ್ತಿ ತಿರುಗಿಸಿ ಕಿವಿಗೊಟ್ಟ. ಹಾಲಮ್ಮನೂ ಮಾತು ನಿಲ್ಲಿಸಿ ಕಿವಿಗೊಟ್ಟಳು. ಟಯರಿನ ಕೆಳಗೆ ಮರಳು ಸರಿಯುವ ಸದ್ದು ಬಿಟ್ಟು ಬೇರೇನೂ ಇರಲಿಲ್ಲ.

ಮರಳಿನ ನಡುವೆ ಗಾಡಿ ಒಮ್ಮೆ ತಡವರಿಸಿತು. ಅವನು ಗೇರು ಇಳಿಸಿದ. ನಾಲ್ಕೂ ಚಕ್ರಗಳು ಕಚ್ಚಿ ಹಿಡಿದವು. ಆಚೆ ದಡ ಏರಿ ಡಾಂಬರು ಮುಟ್ಟಿದಾಗ, ತಾನು ಇಷ್ಟು ಹೊತ್ತೂ ಹಲ್ಲು ಕಚ್ಚಿಕೊಂಡಿದ್ದೆ ಎಂಬುದು ಅವನಿಗೆ ತಿಳಿಯಿತು.

ಗಾಡಿ ನಿಲ್ಲಿಸಿ ಹಿಂದಕ್ಕೆ ಬಂದ. ಅಜ್ಜ ತೊಟ್ಟಿಯಲ್ಲಿ ನಿಂತೇ ಇದ್ದರು. ಧೋತರವನ್ನು ಮೊಣಕಾಲಿನ ಮೇಲೆ ಎತ್ತಿ ಕಟ್ಟಿದ್ದರು. ಚಪ್ಪಲಿ ಬಿಚ್ಚಿ ಮೂಲೆಗಿಟ್ಟಿದ್ದರು.

“ಬನ್ನಿ ಅಜ್ಜ, ಈಗ ಮುಂದಿನ ಸೀಟಲ್ಲಿ ಕೂರಿ,” ಎಂದ. ಆದರೂ ಮನಸ್ಸಿನಲ್ಲಿದ್ದದ್ದು ಹೊರಗೆ ಬಂದೇಬಿಟ್ಟಿತು. “ನನ್ನ ಕೆಲಸದ ಮೇಲೆ ನಿಮಗೆ ನಂಬಿಕೆ ಇರಲಿಲ್ವಾ?”

ಅಜ್ಜ ಅವನ ಹೆಗಲು ಹಿಡಿದು ಕೆಳಗಿಳಿದರು.

“ನಂಬಿಕೆ ಇತ್ತು, ಅದಕ್ಕೇ ಗಾಡಿ ಹತ್ತಿದೆ. ನಿಂತರೆ ತಳ್ಳೋಕೆ ಒಬ್ಬ ಬೇಕಲ್ಲ, ಅದಕ್ಕೆ ಹಿಂದೆ ಹತ್ತಿದೆ.”